ಯಾರಿಗೂ ಬೇಡವಾದ ನಾಯಿಗೆ ಒಂದು ಕೆಲಸ

ನಿಮ್ಮ ಬೀದಿಯಲ್ಲಿ ಎಷ್ಟು ನಾಯಿಗಳಿವೆ? ಶಿವಮೊಗ್ಗದ ಯಾವ ಬಡಾವಣೆಯಲ್ಲಿ ಕೇಳಿದರೂ ‘ಲೆಕ್ಕ ಇಟ್ಟವರು ಯಾರು?’ ಎಂಬ ಉತ್ತರವೇ ಸಿಗುತ್ತದೆ. ಬೆಳಿಗ್ಗೆ ಮಕ್ಕಳನ್ನು ಮದ್ರಸಕ್ಕೆ ಬಿಡಲು ಬರುವ ತಾಯಂದಿರ ಕೈಯಲ್ಲಿ ಒಂದು ಕೋಲು ಇದ್ದೇ ಇರುತ್ತದೆ. ಆ ಭಯ ಸುಳ್ಳಲ್ಲ. ರೇಬೀಸ್ ಕಾಣಿಸಿಕೊಂಡ ಮೇಲೆ ಮದ್ದಿಲ್ಲ ಎಂಬುದೂ ಸುಳ್ಳಲ್ಲ. ಆದರೆ ಆ ಭಯದ ಬೆನ್ನಿಗೇ ಇನ್ನೊಂದು ಮಾತು ನಮ್ಮ ಮನೆಗಳಲ್ಲಿ ಸಲೀಸಾಗಿ ಬರುತ್ತದೆ. ‘ನಾಯಿ ಎಂದರೆ ನಜಸ್. ಅದರಿಂದ ಯಾರಿಗೇನು ಪ್ರಯೋಜನ?’ ಈ ಸಲ ಆ ಪ್ರಯೋಜನದ ಬಗ್ಗೆಯೇ ಮಾತಾಡೋಣ.

ಹಿಮದ ನಾಡುಗಳಲ್ಲಿ ಚಕ್ರವಿಲ್ಲದ ಜಾರುಬಂಡಿಗಳನ್ನು ನಾಯಿಗಳು ಎಳೆಯುತ್ತವೆ. ಹೀಗೆ ಎಳೆಯುವ ಅಲಾಸ್ಕನ್ ಹಸ್ಕಿ ಯಾವುದೋ ಶುದ್ಧ ತಳಿಯೆಂದು ನಾವು ಭಾವಿಸುತ್ತೇವೆ. ಅದು ನಾನಾ ತಳಿಗಳ ಬೆರಕೆ, ಅದರಲ್ಲಿ ಬೇಟೆನಾಯಿಗಳ ರಕ್ತವೂ ಇದೆ. ಮಾಲೀಕರು ಬಿಟ್ಟುಹೋದ ನಾಯಿಗಳನ್ನು ಆಶ್ರಯಧಾಮಗಳಿಂದ ತಂದು ಈ ಕೆಲಸಕ್ಕೆ ಪಳಗಿಸುವವರೂ ಇದ್ದಾರೆ. ಹಿಮವಿಲ್ಲದ ಊರುಗಳಲ್ಲಿ ಗಾಲಿಬಂಡಿ ಎಳೆಸುತ್ತಾರೆ. ಅಂತಹ ನಾಯಿಗಳನ್ನು ಮೊದಲ ಮನೆಯವರು ಬಿಟ್ಟದ್ದೇಕೆ? ಹಗ್ಗ ಹಿಡಿದರೆ ಎಳೆದುಕೊಂಡು ಹೋಗುತ್ತದೆ, ಒಂದು ಗಳಿಗೆ ಸುಮ್ಮನಿರುವುದಿಲ್ಲ, ಕಾಂಪೌಂಡ್ ಹಾರುತ್ತದೆ ಎಂಬಂತಹ ದೂರುಗಳಿಗಾಗಿ. ಜಾರುಬಂಡಿಗೆ ಬೇಕಾದದ್ದು ಎಳೆಯುವ ನಾಯಿ, ಸುಮ್ಮನಿರಲಾರದ ನಾಯಿ. ಮನೆಯಲ್ಲಿ ದೋಷವಾಗಿದ್ದುದೇ ಬಂಡಿಯ ಮುಂದೆ ಗುಣವಾಗುತ್ತದೆ.

ಇದಕ್ಕೆ ಟೋಗೋ ಎಂಬ ನಾಯಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅಲಾಸ್ಕಾದ ನೋಮ್ ಪಟ್ಟಣದಲ್ಲಿ ಲಿಯೋನಾರ್ಡ್ ಸೆಪ್ಪಾಲಾ ಎಂಬ ನಾರ್ವೆ ಮೂಲದ ಬಂಡಿಗಾರನ ಬಳಿ ಹುಟ್ಟಿದ ಮರಿಯದು. ಗಾತ್ರದಲ್ಲಿ ಚಿಕ್ಕದು, ಕಾಯಿಲೆಯದು, ಮೇಲೆ ತಂಟೆಕೋರ. ಕೆಲಸಕ್ಕೆ ಬಾರದೆಂದು ಸೆಪ್ಪಾಲಾ ಅದನ್ನು ಬೇರೆ ಮನೆಗೆ ಕೊಟ್ಟುಬಿಟ್ಟ. ಮರಿ ಕಿಟಕಿಯ ಗಾಜು ಒಡೆದು ಹಾರಿ ಅವನ ಬಳಿಗೇ ಓಡಿ ಬಂತು. ಆಮೇಲೂ ದುಡಿಯುವ ನಾಯಿಗಳಿಗೆ ದಾರಿಯುದ್ದಕ್ಕೂ ಕಾಟ. ಬೇರೆ ದಾರಿ ಕಾಣದೆ ಎಂಟು ತಿಂಗಳ ಆ ಮರಿಗೂ ಪಟ್ಟಿ ಕಟ್ಟಿದಾಗ ಅದು ಒಂದೇ ದಿನ ಸುಮಾರು 120 ಕಿಲೋಮೀಟರ್ ಓಡಿತಂತೆ. ಸಂಜೆಯೊಳಗೆ ತಂಡದ ಮುಂದಾಳು ನಾಯಿಯ ಪಕ್ಕಕ್ಕೆ ಬಂದಿತ್ತು. (ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲದ ಹುಡುಗರನ್ನು ಕಂಡಾಗ ನನಗೆ ಟೋಗೋ ನೆನಪಾಗುವುದುಂಟು. ಅದು ಬೇರೆ ವಿಷಯ.)

1925ರ ಜನವರಿಯಲ್ಲಿ ನೋಮ್‌ನಲ್ಲಿ ಡಿಫ್ತೀರಿಯಾ, ಅಂದರೆ ಗಂಟಲುಮಾರಿ ಕಾಣಿಸಿಕೊಂಡು ಮಕ್ಕಳು ಸಾಯತೊಡಗಿದರು. ನೀವು ಅಂಗನವಾಡಿಯಲ್ಲಿ ಮಗುವಿಗೆ ಹಾಕಿಸುವ ಡಿಪಿಟಿ ಲಸಿಕೆಯ ಮೊದಲ ಅಕ್ಷರ ಈ ರೋಗದ್ದೇ. ಸಮುದ್ರ ಹೆಪ್ಪುಗಟ್ಟಿತ್ತು, ಆ ಚಳಿಯಲ್ಲಿ ವಿಮಾನವನ್ನು ನಂಬುವಂತಿರಲಿಲ್ಲ, ಮದ್ದು ರೈಲಿನಲ್ಲಿ ಬಂದದ್ದು ನೆನಾನಾ ಎಂಬ ಊರಿನವರೆಗೆ. ಅಲ್ಲಿಂದ ನೋಮ್‌ಗೆ 1,085 ಕಿಲೋಮೀಟರ್. 20 ಬಂಡಿಗಾರರು, ಸುಮಾರು 150 ನಾಯಿಗಳು ಮದ್ದಿನ ಪೊಟ್ಟಣವನ್ನು ಕೈಯಿಂದ ಕೈಗೆ ದಾಟಿಸುತ್ತಾ ಐದೂವರೆ ದಿನಗಳಲ್ಲಿ ತಲುಪಿಸಿದರು. ಅತ್ಯಂತ ಉದ್ದದ, ಹೆಪ್ಪುಗಟ್ಟಿದ ಕೊಲ್ಲಿಯ ಮೇಲಿನ ಅಪಾಯದ ಹಾದಿ ಟೋಗೋನ ಪಾಲಿಗೆ ಬಂತು. ಆಗ ಅದಕ್ಕೆ 12 ವರ್ಷ, ನಾಯಿಯ ಲೆಕ್ಕದಲ್ಲಿ ಮುದಿಪ್ರಾಯ!

ಕೊನೆಯ ಹಂತವನ್ನು ಓಡಿ ಫೆಬ್ರವರಿ 2ರಂದು ಊರು ಸೇರಿದ್ದು ಬಾಲ್ಟೋ. ಆದ್ದರಿಂದ ಹೆಸರೆಲ್ಲ ಅದಕ್ಕೆ ಹೋಯಿತು. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಪ್ರತಿಮೆಯೂ ಎದ್ದಿತು. ಆದರೆ ಪ್ರತಿಮೆ ಅಲ್ಲಿರುವಾಗಲೇ ಜೀವಂತ ಬಾಲ್ಟೋ ಲಾಸ್ ಏಂಜಲೀಸ್‌ನ ಅಗ್ಗದ ಪ್ರದರ್ಶನವೊಂದರಲ್ಲಿ ಸರಪಳಿಗೆ ಬಿದ್ದು ಸೊರಗಿತ್ತು. 1927ರಲ್ಲಿ ಕ್ಲೀವ್‌ಲ್ಯಾಂಡ್‌ನ ಜನ ಹಣ ಕೂಡಿಸಿ ಬಾಲ್ಟೋವನ್ನೂ ಜೊತೆಯ 6 ನಾಯಿಗಳನ್ನೂ ಬಿಡಿಸಿಕೊಂಡರು. ಕೇಳಿದ್ದು 2,000 ಡಾಲರ್. ಶಾಲೆಯ ಮಕ್ಕಳು ಕೂಡ ಚಿಲ್ಲರೆ ಕಾಸು ಹಾಕಿದ್ದರಿಂದ ಹತ್ತೇ ದಿನಗಳಲ್ಲಿ ಆ ಮೊತ್ತ ಕೂಡಿತು.

‘ಅದೆಲ್ಲ ಹಿಮದ ನಾಡಿನ ಮಾತು’ ಎನ್ನುವಿರಾ? ತೀರ್ಥಹಳ್ಳಿ ರಸ್ತೆಯಲ್ಲಿ ನಮ್ಮ ಸಕ್ರೆಬೈಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ತುಂಗೆಯ ಹಿನ್ನೀರಿನಲ್ಲಿ ಆನೆಗಳ ಸ್ನಾನ ನೋಡಿ ಬಂದಿರುತ್ತೀರಿ. ಗದ್ದೆಗೆ ನುಗ್ಗಿ ಸೆರೆಸಿಕ್ಕ ಕಾಡಾನೆಗಳನ್ನು ಅಲ್ಲಿ ಪಳಗಿಸುತ್ತಾರೆ. ಮುಂದೆ ಇನ್ನೊಂದು ಪುಂಡಾನೆಯನ್ನು ಹಿಡಿಯಲು ಅವನ್ನೇ ಕರೆದೊಯ್ಯುತ್ತಾರೆ. ನಾಯಿಗಳ ಉದಾಹರಣೆಯೂ ನಮ್ಮ ದೇಶದಲ್ಲಿದೆ. ಪೊಲೀಸ್ ಶ್ವಾನದಳವೆಂದರೆ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಎಂದೇ ರೂಢಿ. ಉತ್ತರಾಖಂಡದ ಪೊಲೀಸರು ಠೆಂಗಾ ಎಂಬ ಬೀದಿನಾಯಿಯನ್ನು ಪಳಗಿಸಿ ದಳಕ್ಕೆ ಸೇರಿಸಿಕೊಂಡದ್ದು 2019ರಲ್ಲಿ ಸುದ್ದಿಯಾಯಿತು. ಪಶ್ಚಿಮ ಬಂಗಾಳದ ಪೊಲೀಸರಲ್ಲಿ ಆಶಾ ಎಂಬ ಬೀದಿನಾಯಿ ಹೀಗೆಯೇ ತರಬೇತಿ ಪಡೆಯಿತು.

ಇನ್ನು ‘ನಜಸ್’ ಎಂಬ ಮಾತು. ನಾಯಿಯ ಜೊಲ್ಲು ತಾಗಿದ ಪಾತ್ರೆಯನ್ನು ಶಾಫಿಈ ಮದ್‌ಹಬ್‌ನವರು ಏಳು ಬಾರಿ, ಅದರಲ್ಲೊಮ್ಮೆ ಮಣ್ಣು ಬೆರೆಸಿ ತೊಳೆಯುತ್ತಾರೆ. ಹನಫಿಗಳಿಗೆ ಮೂರು ಬಾರಿ ತೊಳೆಯುವುದು ಕಡ್ಡಾಯ. ಅದು ಪಾತ್ರೆ ತೊಳೆಯುವ ನಿಯಮ, ಕಲ್ಲೆಸೆಯುವ ಅನುಮತಿಯಲ್ಲ. ಬೇಟೆ, ಕಾವಲು, ಮಂದೆ ಕಾಯುವುದಕ್ಕೆ ನಾಯಿ ಸಾಕುವುದನ್ನು ಪ್ರವಾದಿ(ಸ) ಬಿಟ್ಟುಕೊಟ್ಟಿದ್ದಾರೆ. ಕಲಿಸಿದ ಬೇಟೆನಾಯಿ ಅಲ್ಲಾಹನ ಹೆಸರಿನಲ್ಲಿ ಹೋಗಿ ಹಿಡಿದು ತಂದುದು ಹಲಾಲ್ ಎಂದು ಸೂರಃ ಅಲ್ ಮಾಇದ ತಿಳಿಸುತ್ತದೆ. ಕಲಿಯದ ನಾಯಿ ಕೊಂದದ್ದಕ್ಕೆ ಆ ಅನುಮತಿಯಿಲ್ಲ. ಪ್ರಾಣಿ ಅದೇ, ಹಲ್ಲು ಅದೇ. ನಡುವೆ ಇರುವುದು ಕಲಿಕೆ ಮಾತ್ರ. ವಿದ್ಯೆಯ ಮಹತ್ವ ಹೇಳಲು ಹಿಂದಿನ ಉಲಮಾಗಳು ಇದನ್ನೇ ಉದಾಹರಿಸುತ್ತಿದ್ದರು. ಬಾಯಾರಿದ ನಾಯಿಗೆ ಪಾದರಕ್ಷೆಯಲ್ಲಿ ನೀರು ಸೇದಿ ಕೊಟ್ಟ ಪಾಪಿ ಹೆಣ್ಣಿಗೆ ಕ್ಷಮೆ ದೊರೆತ ಹದೀಸನ್ನು ನೀವೇ ಮಕ್ಕಳಿಗೆ ಹೇಳಿರುತ್ತೀರಿ. ಆ ನಾಯಿ ಅವಳ ಯಾವ ಕೆಲಸವನ್ನೂ ಮಾಡಿಕೊಟ್ಟಿರಲಿಲ್ಲ ಎಂಬುದನ್ನೂ ಸೇರಿಸಿ ಹೇಳಿ.

ಏಕೆಂದರೆ ಬೀದಿಯ ಎಲ್ಲ ನಾಯಿಗಳೂ ಟೋಗೋ ಆಗುವುದಿಲ್ಲ. ಕೆಲಸವಿಲ್ಲದ ನಾಯಿಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ನಮ್ಮ ಪಕ್ಕದಲ್ಲೇ ಒಂದು ಭಯಂಕರ ಉತ್ತರ ಸಿಕ್ಕಿತು. 2021ರ ಸೆಪ್ಟೆಂಬರಿನಲ್ಲಿ ಭದ್ರಾವತಿ ತಾಲೂಕಿನ ಕಂಬದಾಳು ಹೊಸೂರು ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂತಿದ್ದ ಪ್ರಕರಣ ಹೊರಬಂತು. ಶಿವಮೊಗ್ಗದ ಪ್ರಾಣಿಪ್ರಿಯರು ದೂರು ಕೊಟ್ಟರು, ಗುಂಡಿ ಅಗೆದು ನೋಡಲಾಯಿತು, ಬಂಧನಗಳೂ ಆದವು. ಅಲ್ಲಿಯೂ ಮಕ್ಕಳಿದ್ದರು, ಕೋಲು ಹಿಡಿದ ತಾಯಂದಿರಿದ್ದರು. ಆದರೆ ನಾಯಿಗಳನ್ನು ಕೊಂದರೆ ಬೀದಿ ಬಹುಕಾಲ ಖಾಲಿ ಇರುವುದಿಲ್ಲ. ಎಸೆದ ಅನ್ನಮಾಂಸಕ್ಕೆ ಪಕ್ಕದ ಬೀದಿಯ, ಚುಚ್ಚುಮದ್ದಿಲ್ಲದ ನಾಯಿಗಳು ಬಂದು ಸೇರುತ್ತವೆ.

2023ರ ನಿಯಮಗಳ ಪ್ರಕಾರ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡುವುದು ಸ್ಥಳೀಯ ಸಂಸ್ಥೆಯ ಹೊಣೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿ ಹಿಡಿದವನ್ನು ಮರಳಿ ಅಲ್ಲಿಗೆ ಬಿಡಬಾರದೆಂದು 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಶಿವಮೊಗ್ಗದವರು ಪಾಲಿಕೆಯಲ್ಲಿ, ಭದ್ರಾವತಿಯವರು ನಗರಸಭೆಯಲ್ಲಿ, ಹಳ್ಳಿಯವರು ಗ್ರಾಮಸಭೆಯಲ್ಲಿ ಇದನ್ನು ಕೇಳಬಹುದು. ಹತ್ತು ಮನೆಯ ಹೆಣ್ಣುಮಕ್ಕಳು ಒಟ್ಟಾಗಿ ಸಹಿ ಹಾಕಿ ಅರ್ಜಿ ಕೊಡಿ, ಸ್ವೀಕೃತಿ ಪಡೆದುಕೊಳ್ಳಲು ಮರೆಯಬೇಡಿ. ಕುರ್ಬಾನಿಯ ದಿನಗಳಲ್ಲಿ ತ್ಯಾಜ್ಯವನ್ನು ಬೀದಿಗೆ ಬಿಸಾಡದಂತೆ ಗಂಡಸರಿಗೆ ನೆನಪಿಸಿ. ಮಗುವಿಗೆ ನಾಯಿ ಕಚ್ಚಿದರೆ ಅರಿಶಿನ, ಸುಣ್ಣ ಹಚ್ಚುತ್ತಾ ಕೂರಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೇಳಿದಷ್ಟು ಚುಚ್ಚುಮದ್ದುಗಳನ್ನೂ ಪೂರ್ತಿ ಹಾಕಿಸಿ.