ಎದೆಯೊಳಗಿನ ಹೆಪ್ಪು: ಕತ್ತರಿಗಿಂತ ಗಡಿಯಾರ ದೊಡ್ಡದು

"ಹಾರ್ಟ್ ಅಟ್ಯಾಕ್ ಆಗೇದಂತ, ಒಳಗ ರಕ್ತ ಹೆಪ್ಪುಗಟ್ಟೇದಂತ, ಆಪರೇಷನ್ ಮಾಡಿ ತೆಗೀಬೇಕಂತ." ವಳಕಮದಿನ್ನಿಯ ಕಟ್ಟೆಯಿಂದ ಹಿಡಿದು ಸಿಂಧನೂರಿನ ಕಿರಾಣಿ ಅಂಗಡಿವರೆಗೆ ಈ ಮಾತು ಕೇಳದವರಿಲ್ಲ. ಆಪರೇಷನ್ ಅಂದ ಕೂಡಲೇ ಮನೆಮಂದಿ ಮೊದಲು ಮಾಡೋದು ದುಡ್ಡಿನ ಲೆಕ್ಕ. ಯಾರ ಹತ್ರ ಕೈಗಡ ಸಿಗ್ತದ, ಯಾವ ದೊಡ್ಡ ಊರಿಗೆ ಒಯ್ಯಬೇಕು ಅನ್ನೋ ಚರ್ಚೆಯಲ್ಲೇ ಎರಡು ತಾಸು ಹೋಗಿರ್ತದೆ. ಜೀವ ಹೋಗೋದು ಬಹಳ ಸಲ ಅದೇ ಎರಡು ತಾಸಿನಲ್ಲಿ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹೃದಯಾಘಾತದಲ್ಲಿ ಹೆಪ್ಪು ಕಟ್ಟೋದು ಸಾಮಾನ್ಯವಾಗಿ ಹೃದಯದ ಒಳಗಲ್ಲ, ಹೃದಯಕ್ಕೇ ರಕ್ತ ಕೊಡುವ ಸಣ್ಣ ರಕ್ತನಾಳದಲ್ಲಿ. ನಾಳದ ಗೋಡೆಗೆ ಅಂಟಿದ ಕೊಬ್ಬಿನ ಪದರು ಒಡೆದು, ಅದರ ಮೇಲೆ ರಕ್ತ ಗಡ್ಡೆಯಾಗಿ ದಾರಿ ಮುಚ್ಚುತ್ತದೆ. ಮುಂದಿನ ಹೃದಯದ ಸ್ನಾಯು, ಕಾಲುವೆ ನೀರು ನಿಂತ ಟೇಲೆಂಡ್ ಹೊಲದ ಹಂಗ ಒಣಗತೊಡಗುತ್ತದೆ. ಒಂದು ವ್ಯತ್ಯಾಸ ಇದೆ: ಹೊಲಕ್ಕೆ ಮುಂದಿನ ಬೆಳೆ ಇದೆ, ಸತ್ತ ಸ್ನಾಯು ಮಾತ್ರ ಮತ್ತೆ ಚಿಗುರೋದಿಲ್ಲ.

ಈ ಹೆಪ್ಪನ್ನು ಎದೆ ಸೀಳಿ ತೆಗೆಯುವುದು ಇಂದಿನ ಪದ್ಧತಿಯಲ್ಲ. ದಾರಿ ಎರಡು. ಒಂದು, ಹೆಪ್ಪು ಕರಗಿಸುವ ಇಂಜೆಕ್ಷನ್. ಇನ್ನೊಂದು, ಕೈ ಅಥವಾ ತೊಡೆಯ ರಕ್ತನಾಳದಿಂದ ತೆಳ್ಳನೆಯ ನಳಿಕೆ ಕಳಿಸಿ, ಬಲೂನಿನಿಂದ ದಾರಿ ತೆರೆದು ಸ್ಟೆಂಟ್ ಕೂಡಿಸುವ ಆಂಜಿಯೋಪ್ಲಾಸ್ಟಿ. ನಳಿಕೆಯಿಂದ ಹೆಪ್ಪನ್ನು ಹೀರಿ ತೆಗೆಯುವ ವಿಧಾನವೂ ಇದೆ. ಆದರೆ 2013 ಮತ್ತು 2015ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳ ನಂತರ ಎಲ್ಲರಿಗೂ ಹಾಗೆ ಹೀರುವುದನ್ನು ಕೈಬಿಡಲಾಯಿತು. ಸಾವು ಕಡಿಮೆಯಾಗಲಿಲ್ಲ, ಒಂದು ಅಧ್ಯಯನದಲ್ಲಿ ಪಾರ್ಶ್ವವಾಯು ಹೆಚ್ಚು ಕಂಡಿತು. ಬೈಪಾಸ್ ಆಪರೇಷನ್ನಿನಲ್ಲೂ ಹೆಪ್ಪು ತೆಗೆಯೋದಿಲ್ಲ, ಮುಚ್ಚಿದ ಜಾಗ ದಾಟಿಸಿ ಬೇರೆ ದಾರಿ ಹಾಕ್ತಾರೆ.

ಹಾಗಾದರೆ ನಮ್ಮ ಭಾಗಕ್ಕೆ ಯಾವುದು ಸರಿ? ಇದು ರಸ್ತೆಯ ಲೆಕ್ಕ. ಇಸಿಜಿಯಲ್ಲಿ ದೊಡ್ಡ ಅಟ್ಯಾಕ್ ಗೊತ್ತಾದ ಮೇಲೆ ಎರಡು ತಾಸಿನೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ಅದೇ ಉತ್ತಮ. ಆಗದಿದ್ದರೆ ಇದ್ದಲ್ಲೇ ಇಂಜೆಕ್ಷನ್ ಕೊಟ್ಟು ಮುಂದೆ ಕಳಿಸಬೇಕು. ಸಿಂಧನೂರಿನಿಂದಾಗಲಿ ಲಿಂಗಸುಗೂರಿನಿಂದಾಗಲಿ ರಾಯಚೂರು ಎಂಬತ್ತು-ತೊಂಬತ್ತು ಕಿ.ಮೀ. ಜಯದೇವ ಆಸ್ಪತ್ರೆ ಇರುವ ಕಲಬುರಗಿ ಇನ್ನೂ ದೂರ. ಹಳ್ಳಿಯಿಂದ ಗಾಡಿ ಸಿಗೋದು, ಆಸ್ಪತ್ರೆಯಲ್ಲಿ ತಂಡ ಸಜ್ಜಾಗೋದು ಸೇರಿಸಿದರೆ ಎರಡು ತಾಸು ಸಾಲೋದಿಲ್ಲ. ಅಂದರೆ ನಮ್ಮವರ ಜೀವ ಉಳಿಸೋ ಮೊದಲ ಬಾಗಿಲು ತಾಲೂಕು ಆಸ್ಪತ್ರೆಯೇ.

ತಡವಾದರೆ ಏನಾಗುತ್ತದೆ ಅನ್ನೋದಕ್ಕೆ ಹಳೆಯ ಲೆಕ್ಕ ಇದೆ. ಇಟಲಿಯಲ್ಲಿ ಸುಮಾರು 11,700 ರೋಗಿಗಳ ಮೇಲೆ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೋವು ಶುರುವಾದ ಒಂದು ತಾಸಿನೊಳಗೆ ಹೆಪ್ಪು ಕರಗಿಸುವ ಔಷಧ ಪಡೆದವರಲ್ಲಿ ಸಾವು 47% ಕಡಿಮೆಯಾಯಿತು. ಮೂರು ತಾಸಿನೊಳಗಿನವರಲ್ಲಿ ಈ ಲಾಭ 23%. ಔಷಧ ಒಂದೇ, ಫರಕು ಗಡಿಯಾರದ್ದು.

ಕರ್ನಾಟಕದಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ತೀರಿಕೊಂಡರು. ಅವರ ಹೆಸರಿನಲ್ಲಿ 2023ರ ಬಜೆಟ್‌ನಲ್ಲಿ ಹೃದಯ ಜ್ಯೋತಿ ಯೋಜನೆ ಘೋಷಣೆಯಾಯಿತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಆನ್‌ಲೈನ್‌ನಲ್ಲಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಬೇಕಾದವರಿಗೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ಯೋಜನೆ ಇದು. ಹೊರಗೆ ಇದರ ಬೆಲೆ ಹತ್ತಾರು ಸಾವಿರ. 2025ರಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದ ಶಂಕೆಯಿಂದ ತೀರಿಕೊಂಡ ಸುದ್ದಿ ಎಲ್ಲರನ್ನೂ ಬೆಚ್ಚಿಬೀಳಿಸಿದಾಗ, ಯೋಜನೆಯನ್ನು ಎಲ್ಲಾ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು.

ಘೋಷಣೆ ಬೆಂಗಳೂರಿನದು, ರಾತ್ರಿ ಎರಡು ಗಂಟೆಯ ಎದೆನೋವು ನಮ್ಮದು. ಅದಕ್ಕೇ ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಜನ ಈಗಲೇ ಕೇಳಬೇಕಾದ ಪ್ರಶ್ನೆಗಳಿವೆ. ನಮ್ಮ ಆಸ್ಪತ್ರೆಯಲ್ಲಿ ರಾತ್ರಿಯೂ ಇಸಿಜಿ ತೆಗೆಯುವವರು ಇರ್ತಾರಾ? ಇಂಜೆಕ್ಷನ್ ಇವತ್ತು ಸ್ಟಾಕ್ ಐತಾ, ಅವಧಿ ಯಾವಾಗ ಮುಗೀತದ? ಕೊಟ್ಟ ಮೇಲೆ ಯಾವ ಆಸ್ಪತ್ರೆಗೆ, ಯಾವ ಆಂಬುಲೆನ್ಸ್‌ನಲ್ಲಿ ಕಳಿಸ್ತಾರೆ? ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಇವನ್ನು ಕೇಳಲಿಕ್ಕೆ ಯಾರ ಅಪ್ಪಣೆಯೂ ಬೇಡ. ವರ್ತಕರ ಸಂಘದವರು ಇಷ್ಟು ಕೇಳಿದರೂ ಊರಿಗೆ ದೊಡ್ಡ ಉಪಕಾರ.

ಮುಂದಕ್ಕೆ ಕಳಿಸೋದು ಯಾಕೆ ಅಂದ್ರೆ, ಇಂಜೆಕ್ಷನ್ನಿನಿಂದ ಎಲ್ಲರ ನಾಳವೂ ತೆರೆಯೋದಿಲ್ಲ. ತೆರೆದವರಿಗೂ ಮರುದಿನದೊಳಗೆ ಆಂಜಿಯೋಗ್ರಾಂ ಆಗಬೇಕು. "ನೋವು ಕಡಿಮಿ ಆತು" ಅಂತ ಮನೆಗೆ ವಾಪಸ್ ಕರೆತರೋದು ದೊಡ್ಡ ತಪ್ಪು. ಹಾಗೆಯೇ ಈ ಔಷಧದಿಂದ ಮೆದುಳಿನಲ್ಲಿ ರಕ್ತಸ್ರಾವ ಆಗುವ ಸಣ್ಣ ಅಪಾಯವೂ ಇದೆ. ಮೊದಲು ಲಕ್ವಾ ಹೊಡೆದಿದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಎಲ್ಲಾದರೂ ರಕ್ತ ಹೋಗ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ.

ಇನ್ನು ನಿಜಕ್ಕೂ ಹೃದಯದ ಕೋಣೆಯೊಳಗೇ ಕಟ್ಟುವ ಹೆಪ್ಪು. ದೊಡ್ಡ ಅಟ್ಯಾಕ್ ಆದ ಮೇಲೆ, ಕೆಲಸ ನಿಲ್ಲಿಸಿದ ಸ್ನಾಯುವಿನ ಹತ್ತಿರ ರಕ್ತ ನಿಂತು ಗಡ್ಡೆಯಾಗುತ್ತದೆ. ಎಕೋ ಪರೀಕ್ಷೆಯಲ್ಲಿ ಇದು ಕಾಣ್ತದೆ. ಜಾರಿ ಮೆದುಳಿಗೆ ಹೋದರೆ ಲಕ್ವಾ. ಇದಕ್ಕೂ ಮೊದಲ ಚಿಕಿತ್ಸೆ ಆಪರೇಷನ್ ಅಲ್ಲ, ಕನಿಷ್ಠ ಮೂರು ತಿಂಗಳು ರಕ್ತ ತೆಳು ಮಾಡುವ ಗುಳಿಗೆ. ಕತ್ತರಿ ಬರೋದು ಅಪರೂಪಕ್ಕೆ. ವಾರ್ಫರಿನ್ ಗುಳಿಗೆ ನುಂಗುವವರು ಐಎನ್‌ಆರ್ ರಕ್ತಪರೀಕ್ಷೆ ತಪ್ಪಿಸಬಾರದು. "ಆರಾಮ ಆಗೇನಿ" ಅಂತ ತಾವೇ ಗುಳಿಗೆ ಬಿಡಲೂಬಾರದು.

ದುಡ್ಡಿನ ಮಾತಿಗೆ ಬಂದರೆ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡ್, ಆಧಾರ್ ಎರಡೂ ಮನೆಯಲ್ಲಿ ಒಂದೇ ಕಡೆ ಇಟ್ಟಿರಿ.

ಎದೆ ಹಿಂಡಿದಂತಾಗಿ, ಎಡಗೈಗೋ ದವಡೆಗೋ ನೋವು ಹರಿದು, ತಣ್ಣನೆ ಬೆವರು ಬಂದರೆ ಅದು ಗ್ಯಾಸ್ ಅಂತ ಸೋಡಾ ಕುಡಿಸಿ ಕಾಯಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ ಬರಬಹುದು. ಬೈಕ್ ಮೇಲೆ ಕೂಡಿಸಬೇಡಿ, ನಡೆಸಬೇಡಿ. 108ಕ್ಕೆ ಫೋನ್ ಮಾಡಿ. ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಮುಟ್ಟಿಸಿ, ದೊಡ್ಡ ಊರಿನ ವಿಚಾರ ಆಮೇಲೆ. ಅಂಗಡಿ ಗಲ್ಲೆಯ ಹಿಂದೆ ಕೂತೇ ದಿನ ಕಳೆಯುವವರು, ಗುಟ್ಕಾ-ಬೀಡಿ ಬಿಡದವರು ಈ ವಾರವೇ ಒಮ್ಮೆ ಬಿಪಿ, ಶುಗರ್ ನೋಡಿಸಿಕೊಳ್ಳಿ. ಅದಕ್ಕೆ ಕೈಗಡ ಬೇಕಾಗಿಲ್ಲ.