ಸತ್ತ ಹಾರ್ಡ್ ಡಿಸ್ಕ್ ಯಾರದ್ರೀ?

ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಕೆಟ್ಟು ಹೊಸದು ಹಾಕಿಸಿದರೆ, ಹಳೇ ಡಿಸ್ಕನ್ನು ಗಿರಾಕಿಯ ಕೈಗೆ ವಾಪಸ್ ಕೊಡಬೇಕು. ಕೇಳಿದರೂ ಸರಿ, ಕೇಳದಿದ್ದರೂ ಸರಿ. ನನ್ನ ವಾದ ಇಷ್ಟೇ. ಇದರಲ್ಲಿ ಜಗಳ ಮಾಡೋದು ಏನೈತಿ ಅಂತೀರಾ? ಬಹಳ ಐತ್ರಿ!

ನಮ್ಮ ಕನಕಗಿರಿ, ಗಂಗಾವತಿ ಕಡೆ ರೈತನ ಪಂಪ್‌ಸೆಟ್ ಮೋಟರ್ ಸುಟ್ಟಿತು ಅನ್ನಿ. ಹಳೇ ತಾಮ್ರದ ತಂತಿ ಎಷ್ಟು ತೂಕ ಬಂತು ಅಂತ ಕೇಳದೆ ಅವನು ರಿವೈಂಡಿಂಗ್ ಅಂಗಡಿಯಿಂದ ಎದ್ದು ಬರೋದಿಲ್ಲ. ಬೈಕ್ ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಬದಲಿಸಿದರೆ ಸವೆದಿದ್ದನ್ನು ಮುಂದೆ ಇಟ್ಟು ತೋರಿಸ್ತಾನೆ. ತಾಮ್ರಕ್ಕೆ ಇರೋ ಲೆಕ್ಕ, ಮನೆಯ ಕಾಗದಪತ್ರವೆಲ್ಲ ತುಂಬಿದ ಡಿಸ್ಕಿಗೆ ಯಾಕಿಲ್ಲ?

ನನ್ನ ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟಾಗ ನಾನು ಹಳೇದು ಕೇಳಿದೆ. ಅಂಗಡಿಯ ಹುಡುಗ ನಕ್ಕ. "ಅದು ಸತ್ತು ಹೋಗೇತ್ರಿ ಸರ್, ತಗೊಂಡು ಏನ್ ಮಾಡ್ತೀರಿ?" ಒತ್ತಾಯ ಮಾಡಿದ ಮೇಲೆ ರಟ್ಟಿನ ಡಬ್ಬಿ ಎಳೆದ. ಒಳಗೆ ಹತ್ತಿಪ್ಪತ್ತು ಡಿಸ್ಕು. ಯಾವುದರ ಮೇಲೂ ಹೆಸರಿಲ್ಲ. ನನ್ನ ಹತ್ತಿರ ಸೀರಿಯಲ್ ನಂಬರ್ ಬರೆದಿಟ್ಟ ಚೀಟಿ ಇದ್ದಿದ್ದಕ್ಕೆ ನನ್ನದು ಸಿಕ್ಕಿತು. ಉಳಿದವು ಯಾರವು? ಅವರಿಗೆ ತಮ್ಮ ಡಿಸ್ಕ್ ಅಲ್ಲಿ ಬಿದ್ದಿರೋದಾದರೂ ಗೊತ್ತಾ?

"ಸತ್ತು ಹೋಗೇತಿ" ಅನ್ನೋ ಮಾತೇ ಸುಳ್ಳು ನೋಡಿ. ಡಿಸ್ಕ್ ಕೆಟ್ಟಿತು ಅಂದರೆ ಬಹಳ ಸಲ ಕೆಟ್ಟಿರೋದು ಓದುವ ಹೆಡ್ಡು, ತಿರುಗಿಸುವ ಮೋಟರು, ಇಲ್ಲಾ ಹೊರಗಿನ ಹಸಿರು ಬೋರ್ಡು. ನಮ್ಮ ಫೈಲುಗಳು ಇರೋದು ಒಳಗಿನ ತಟ್ಟೆಯ ಮೇಲೆ, ಅಯಸ್ಕಾಂತದ ಗುರುತಾಗಿ. ಆ ಗುರುತು ಹಾಗೇ ಇರುತ್ತದೆ. ಡೇಟಾ ರಿಕವರಿ ಅನ್ನೋ ವ್ಯಾಪಾರ ನಡೆಯೋದೇ ಇದರ ಮೇಲೆ! ಇನ್ನೊಂದು ತಮಾಷೆ ಅಂದರೆ, ಚೆನ್ನಾಗಿರೋ ಡಿಸ್ಕನ್ನು ಸಾಫ್ಟ್‌ವೇರ್ ಹಾಕಿ ಪೂರ್ತಿ ಒರೆಸಬಹುದು. ತಿರುಗದೇ ಇರೋದನ್ನು ಒರೆಸೋಕೂ ಆಗೋದಿಲ್ಲ. ಅಂದರೆ ಕೆಟ್ಟ ಡಿಸ್ಕೇ ಹೆಚ್ಚು ಅಪಾಯ.

ಇದು ಹೊಸ ಸುದ್ದಿಯೂ ಅಲ್ಲ. ಅಮೆರಿಕದ ಎಂಐಟಿಯಲ್ಲಿದ್ದ ಗಾರ್ಫಿಂಕೆಲ್ ಮತ್ತು ಶೆಲಾತ್ 158 ಹಳೇ ಡಿಸ್ಕ್ ಕೊಂಡು ತಂದು ನೋಡಿ, 2003ರಲ್ಲಿ ಬರೆದರು. ಕೆಲಸ ಮಾಡಿದ್ದು 129, ಅದರಲ್ಲಿ ಸರಿಯಾಗಿ ಒರೆಸಿದ್ದು ಬರೀ 12! ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ನಂಬರ್ ಸಿಕ್ಕವು.

ನಮ್ಮೂರ ಡಿಸ್ಕಿನಲ್ಲಿ ಕ್ರೆಡಿಟ್ ಕಾರ್ಡ್ ಎಲ್ಲಿಂದ ಬರಬೇಕು ಅಂತೀರಾ? ಅದಕ್ಕಿಂತ ದೊಡ್ಡದಿದೆ. ಹುಲಿಹೈದರ, ನವಲಿ ಕಡೆಯಿಂದ ಜನ ಬಸ್ ಹಿಡಿದು ಆನ್‌ಲೈನ್ ಸೆಂಟರಿಗೆ ಬರ್ತಾರೆ. ಆಧಾರ್, ಪಾಸ್‌ಬುಕ್, ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಎಲ್ಲಾ ಸ್ಕ್ಯಾನ್ ಆಗೋದು ಅಲ್ಲಿನ ಲ್ಯಾಪ್‌ಟಾಪಿಗೆ. 2023ರಲ್ಲಿ ಗೃಹಲಕ್ಷ್ಮಿ ಅರ್ಜಿಗೆ ನಿಂತ ಸಾಲು ನೆನಪಿರಬೇಕಲ್ಲ? ಅಂಥ ಒಂದು ಲ್ಯಾಪ್‌ಟಾಪಿನ ಡಿಸ್ಕ್ ಗುಜರಿಗೆ ಹೋದರೆ, ಅದರ ಜೊತೆ ಹೋಗೋದು ಒಂದು ಹೋಬಳಿಯ ಜನರ ಗುರುತು.

ಅಂಗಡಿಯವರನ್ನಷ್ಟೇ ಬೈದರೆ ತಪ್ಪಾಗುತ್ತದೆ. ದೊಡ್ಡ ಕಂಪನಿಗಳದ್ದೂ ಇದೇ ಕಥೆ. ವಾರಂಟಿಯಲ್ಲಿ ಹೊಸ ಡಿಸ್ಕ್ ಕೊಟ್ಟರೆ ಹಳೇದು ಸಾಮಾನ್ಯವಾಗಿ ಅವರದ್ದು. ಪರೀಕ್ಷೆ ಮಾಡಬೇಕು, ರಿಪೇರಿ ಮಾಡಬೇಕು ಅನ್ನೋ ಕಾರಣ ಇರಬಹುದು. ಆದರೆ ಡೆಲ್, ಎಚ್‌ಪಿ, ಲೆನೊವೊ ಮೂರೂ ಕಂಪನಿಗಳು ಕೆಟ್ಟ ಡಿಸ್ಕ್ ಗಿರಾಕಿಯ ಬಳಿಯೇ ಉಳಿಯಲಿ ಅನ್ನೋದಕ್ಕೆ ಬೇರೆ ಸೇವೆಯನ್ನೇ ಮಾರ್ತಾವೆ. ಅಂದರೆ ಬಿಟ್ಟುಕೊಡೋಕೆ ಆಗುತ್ತದೆ ಅಂತಾಯ್ತು. ದುಡ್ಡು ಕೊಟ್ಟವನ ಗುಟ್ಟು ಗುಟ್ಟು, ಉಳಿದವರದ್ದು ಗುಜರಿಯಾ?

ಇ-ತ್ಯಾಜ್ಯದ ಮಾತು ತೆಗೀತೀರಾ? ಒಪ್ಪಿದೆ. 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೇ ಹೋಗಲಿ. ಆದರೆ ಅದಕ್ಕೂ ಮೊದಲು ನನ್ನ ಕಣ್ಣ ಮುಂದೆ ಆ ತಟ್ಟೆ ಒಡೆಯಲಿ. (ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಹೆಚ್ಚಾಗಿ ಗಾಜಿನದು. ಮನೆಯಲ್ಲಿ ಒಡೆಯುವವರು ಕಣ್ಣು, ಕೈ ಜೋಪಾನ.)

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ನಿಯಮಗಳೂ ಬಂದವು. ದೆಹಲಿಯ ಕಾಯ್ದೆ ನಮ್ಮ ಬಜಾರಿನ ರಟ್ಟಿನ ಡಬ್ಬಿಯವರೆಗೆ ಬರೋದು ಯಾವಾಗಲೋ. ಅಲ್ಲಿಯವರೆಗೆ ನಮ್ಮ ಬಾಯಿ ನಮಗೆ ಇದೆಯಲ್ಲ?

ರಿಪೇರಿಗೆ ಕೊಡೋ ಮೊದಲು ಡಿಸ್ಕಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. "ಹಳೇ ಡಿಸ್ಕ್ ವಾಪಸ್" ಅಂತ ರಸೀದಿಯಲ್ಲೇ ಬರೆಸಿ. ಹೊಸ ಡಿಸ್ಕ್ ಹಾಕಿದ ದಿನವೇ ಎನ್‌ಕ್ರಿಪ್ಶನ್ ಮಾಡಿ, ಅದರ ಕೀಲಿಯನ್ನು ಬೇರೆ ಕಡೆ ಜೋಪಾನ ಮಾಡಿ. ಆಗ ಮುಂದೆ ಅದು ಯಾರ ಕೈಗೆ ಹೋದರೂ ಓದೋಕೆ ಬರೋದಿಲ್ಲ. ಆನ್‌ಲೈನ್ ಸೆಂಟರ್ ನಡೆಸುವವರಂತೂ ಇದನ್ನು ನಾಳೆಗೆ ಹಾಕಬೇಡಿ. ನಿಮ್ಮ ಡಿಸ್ಕಿನಲ್ಲಿ ಇರೋದು ನಿಮ್ಮದೊಂದೇ ಅಲ್ಲ.

ಅಂಗಡಿಯವರು ನಗ್ತಾರೆ. ನಗಲಿ ಬಿಡ್ರಿ, ಹತ್ತು ಜನ ಕೇಳಿದ ಮೇಲೆ ಹನ್ನೊಂದನೆಯವರಿಗೆ ಕೇಳದೆಯೇ ಕೊಡ್ತಾರೆ.