ಬಾಲಿಕೆಯರೂ ಅಂಕಗಣಿತವೂ

ಹೆಣ್ಣುಮಕ್ಕಳಿಗೆ ಲೆಕ್ಕವು ಹತ್ತದೆಂಬ ಮಾತನ್ನು ಕೇಳದವರು ವಿರಳ. ಇದರ ಕಾರಣವನ್ನು ಕೆಲವರು ಹುಟ್ಟಿನ ಮೇಲೆ ಹೊರಿಸುವರು. ಮತ್ತೆ ಕೆಲವರು ಗಂಡುಮಕ್ಕಳೊಡನೆ ಒಂದೇ ಶಾಲೆಯಲ್ಲಿ ಕುಳ್ಳಿರಿಸುವ ಪದ್ಧತಿಯ ಮೇಲೆ ಹೊರಿಸಿ, ಬಾಲಿಕೆಯರಿಗೆ ಪ್ರತ್ಯೇಕ ಪಾಠಶಾಲೆಗಳಾದರೆ ದೋಷವು ತಾನಾಗಿ ಪರಿಹಾರವಾಗುವುದೆನ್ನುವರು. ಈ ಎರಡು ಪಕ್ಷಗಳಿಗೂ ತಕ್ಕಷ್ಟು ಆಧಾರವಿಲ್ಲವೆಂಬುದನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಫ್ರಾನ್ಸ್ ದೇಶದಲ್ಲಿ ಮೊದಲನೆಯ ತರಗತಿಗೆ ಸೇರುವ ಮಕ್ಕಳನ್ನು 2018ರಿಂದ ಸರಕಾರವೇ ಪರೀಕ್ಷೆಗೆ ಒಳಪಡಿಸುತ್ತ ಬಂದಿದೆ. ನಾಲ್ಕು ವರ್ಷಗಳಲ್ಲಿ ಸೇರಿದ 26 ಲಕ್ಷಕ್ಕೆ ಮೇಲ್ಪಟ್ಟ ಮಕ್ಕಳ ಫಲಿತಾಂಶಗಳನ್ನು ವಿದ್ವಾಂಸರು ಪರಿಶೀಲಿಸಿ, 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಶಾಲೆಗೆ ಸೇರುವಾಗ ಗಣಿತದಲ್ಲಿ ಹುಡುಗರೂ ಹುಡುಗಿಯರೂ ಹೆಚ್ಚುಕಡಿಮೆ ಸರಿಸಮ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಹುಡುಗರು ಮುಂದಾದರು. ವರ್ಷವೊಂದು ತುಂಬಿದಾಗ ಅಂತರವು ಇನ್ನಷ್ಟು ಬೆಳೆದಿತ್ತು. ಅದು ಬೆಳೆದುದು ವಯಸ್ಸಿನೊಡನೆ ಅಲ್ಲ, ಶಾಲೆಯಲ್ಲಿ ಕಳೆದ ಕಾಲದೊಡನೆ. ಇದು ಸರಾಸರಿಯ ಮಾತು, ಅಂತರವೂ ದೊಡ್ಡದಲ್ಲ, ಅನೇಕ ಹುಡುಗರಿಗಿಂತ ಮುಂದಿರುವ ಹುಡುಗಿಯರು ಅಲ್ಲಿಯೂ ಬೇಕಾದಷ್ಟು ಮಂದಿ. ಆದರೂ ದೋಷವು ಹುಟ್ಟಿನದಾಗಿದ್ದರೆ ಶಾಲೆಯ ಬಾಗಿಲಲ್ಲಿಯೇ ಕಾಣಬೇಕಾಗಿತ್ತಷ್ಟೆ?

ಫ್ರಾನ್ಸಿನ ಶಾಲೆಗಳು ಬಹುಮಟ್ಟಿಗೆ ಸಹಶಿಕ್ಷಣದವು. ಹಾಗಾದರೆ ಸಹಶಿಕ್ಷಣವೇ ಅಪರಾಧಿಯಲ್ಲವೇ ಎಂದು ಎರಡನೆಯ ಪಕ್ಷದವರು ಕೇಳಬಹುದು. ಅದಕ್ಕೂ ಉತ್ತರವುಂಟು. 21 ದೇಶಗಳ 16 ಲಕ್ಷ ವಿದ್ಯಾರ್ಥಿಗಳನ್ನು ಕುರಿತ 184 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡಿದ ಲೇಖನವೊಂದು 2014ರಲ್ಲಿ ಅಮೆರಿಕದಲ್ಲಿ ಹೊರಬಿದ್ದಿತು. ಪ್ರತ್ಯೇಕ ಶಾಲೆಗಳು ಮೇಲ್ನೋಟಕ್ಕೆ ತುಸು ಮೇಲೆನಿಸಿದರೂ, ಮಕ್ಕಳ ಮನೆತನ, ಪೂರ್ವಸಿದ್ಧತೆ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನಗಳಲ್ಲಿ ಆ ಮೇಲ್ಮೆಯು ಇಲ್ಲವೆಂಬಷ್ಟು ಕುಗ್ಗಿತು.

ಹಾಗಾದರೆ ದೋಷವೆಲ್ಲಿ? 2010ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನವು ಒಂದು ದಾರಿಯನ್ನು ತೋರಿಸುತ್ತದೆ. ಅದರಲ್ಲಿ ಒಂದನೆಯ ಮತ್ತು ಎರಡನೆಯ ತರಗತಿಗಳ 17 ಮಂದಿ ಉಪಾಧ್ಯಾಯಿನಿಯರನ್ನು ಪರೀಕ್ಷಿಸಲಾಗಿತ್ತು. ಲೆಕ್ಕವೆಂದರೆ ಅಳುಕುವ ಉಪಾಧ್ಯಾಯಿನಿಯ ಕೈಕೆಳಗೆ ವರ್ಷ ಕಳೆದ ಹುಡುಗಿಯರಲ್ಲಿ, ಗಣಿತವು ಗಂಡುಮಕ್ಕಳದು, ಓದು ಹೆಣ್ಣುಮಕ್ಕಳದು ಎಂಬ ಭಾವನೆಯು ಹೆಚ್ಚಾಗಿ ಬೇರೂರಿತು. ಅಂಥವರೇ ಲೆಕ್ಕದಲ್ಲಿಯೂ ಹಿಂದೆ ಬಿದ್ದರು. ಹುಡುಗರಲ್ಲಿ ಇದು ಕಾಣಲಿಲ್ಲ. ಈ ಅಧ್ಯಯನವು ಚಿಕ್ಕದು, ನಿಜ. ಆದರೆ ಅಳುಕುವ ಉಪಾಧ್ಯಾಯಿನಿಯನ್ನು ಬಾಲಿಕಾ ಪಾಠಶಾಲೆಗೆ ನೇಮಿಸಿದರೆ ಅವರ ಅಳುಕು ಹೊರಗೆ ಉಳಿದೀತೆ?

ನಮ್ಮ ದೇಶಕ್ಕೂ ಇದರಲ್ಲಿ ಪಾಠವಿದೆ. ಮೂರನೆಯ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವಿಗೂ ಓದು ಮತ್ತು ಲೆಕ್ಕದ ಬುನಾದಿ ಬೀಳಬೇಕೆಂದು ಭಾರತ ಸರಕಾರವು 2021ರಲ್ಲಿ ‘ನಿಪುಣ್ ಭಾರತ್’ ಯೋಜನೆಯನ್ನು ಆರಂಭಿಸಿ, 2026-27ನೆಯ ಸಾಲನ್ನು ಗಡುವಾಗಿ ಇಟ್ಟಿತು. ಮೂರನೆಯ ತರಗತಿಯವರೆಗೆ ಕಾದು ನೋಡುವುದು ತಡವಾದೀತೆಂಬುದು ಫ್ರಾನ್ಸಿನ ಅನುಭವ. ವಿದ್ಯಾಧಿಕಾರಿಗಳು ಒಂದನೆಯ ತರಗತಿಯಲ್ಲಿ ಆರಂಭಕ್ಕೊಮ್ಮೆ, ನಾಲ್ಕು ತಿಂಗಳಿಗೊಮ್ಮೆ ಮಕ್ಕಳನ್ನು ಪರೀಕ್ಷಿಸಿ, ಹುಡುಗ ಹುಡುಗಿಯರ ಫಲವನ್ನು ಬೇರೆ ಬೇರೆಯಾಗಿ ಬರೆದಿಡಲಿ. ಉಪಾಧ್ಯಾಯರ ಶಿಕ್ಷಣದಲ್ಲಿ ಅಂಕಗಣಿತದ ಅಳುಕನ್ನು ನೀಗುವ ಅಭ್ಯಾಸವೂ ಸೇರಲಿ. ಹಲಗೆಯ ಬಳಿಗೆ ಕರೆಯುವಾಗ ಹುಡುಗಿಯರ ಸರದಿಯು ತಪ್ಪದಿರಲಿ. ಪ್ರತ್ಯೇಕ ಶಾಲೆ ಬೇಕೋ ಬೇಡವೋ ಎಂಬುದನ್ನು ದೂರ, ಸುರಕ್ಷತೆ, ಊರಿನ ಅನುಕೂಲಗಳನ್ನು ನೋಡಿ ನಿರ್ಧರಿಸಬಹುದು. ಆದರೆ ಅದನ್ನೇ ಲೆಕ್ಕದ ಔಷಧಿಯೆಂದು ನಂಬಿ ಕೈಕಟ್ಟಿ ಕೂರುವುದು ಮಕ್ಕಳಿಗೆ ಮಾಡುವ ಅನ್ಯಾಯವೆಂದು ನಮ್ಮ ಅಭಿಪ್ರಾಯ.